ಹೆಂಚು ಹತ್ತಿದ ಗುಲಾಬಿ

ನಮ್ಮ ಮನೆಗೆ ಬರುವವರೆಲ್ಲ ದಣಪೆ ದಾಟುವಾಗ ತಲೆ ತಗ್ಗಿಸಿಯೇ ಬರುತ್ತಾರೆ. ಜಮೀನು ಅಳೆಯಲು ಬಂದವರು ತಗ್ಗಿಸಿದ್ದಾರೆ, ಸಾಲದ ಕಂತು ಕೇಳಲು ಬಂದವರು ತಗ್ಗಿಸಿದ್ದಾರೆ, ಮತ ಕೇಳಲು ಬಂದವರಂತೂ ತಗ್ಗಿಸಿಯೇ ತಗ್ಗಿಸಿದ್ದಾರೆ. ಆ ದಿನಗಳಲ್ಲಿ ಅವರ ಕತ್ತು ಇರುವುದೇ ಹಾಗೆ ಬಿಡಿ. ಇದೆಲ್ಲ ನನ್ನ ಮೇಲಿನ ಗೌರವ ಎಂದು ನಂಬಿಕೊಂಡು ನಾನು ಸುಖವಾಗಿ ಇರಬಹುದಿತ್ತು. ಆದರೆ ಇವಳಿರುವ ಮನೆಯಲ್ಲಿ ಅಂಥ ನಂಬಿಕೆಗಳಿಗೆ ಆಯುಸ್ಸು ಕಡಿಮೆ. ದಣಪೆಯ ಮೇಲೆ ಅಡಿಕೆ ದಬ್ಬೆಯ ಕಮಾನು ಇದೆ, ಕಮಾನಿನ ಮೇಲೆ ಬಳ್ಳಿ ಗುಲಾಬಿ ಇದೆ, ಗುಲಾಬಿಯ ಮೈತುಂಬ ಮುಳ್ಳಿದೆ. ತಲೆ ಎತ್ತಿಕೊಂಡು ಬಂದವರ ಟೋಪಿಗಳು ಅಲ್ಲೇ ಉಳಿದಿವೆ. ಒಬ್ಬ ಗಣ್ಯರದು ಟೋಪಿಗಿಂತ ಹೆಚ್ಚಿನದೇ ಉಳಿಯಿತು. ಅವರು ಅದನ್ನು ಕೂದಲು ಎಂದೇ ಊರಿಗೆಲ್ಲ ನಂಬಿಸಿದ್ದರಿಂದ ವಿವರ ಬೇಡ.

ಬೇರೆಯವರ ಮಾತೇಕೆ, ನನ್ನದನ್ನೇ ಹೇಳುತ್ತೇನೆ. ನೆಂಟರ ಮನೆಯ ಉಪನಯನಕ್ಕೆ ಹೊರಟಿದ್ದೆ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುವ ಜರಿ ಶಾಲು ಹೆಗಲ ಮೇಲಿತ್ತು. ದಣಪೆ ಸರಿಸಲು ಬಗ್ಗಿದೆ, ಶಾಲು ಸಿಕ್ಕಿಕೊಂಡಿತು. ಎಳೆದೆ. ಇನ್ನೊಂದು ಕಡೆಯೂ ಸಿಕ್ಕಿಕೊಂಡಿತು. ತಿರುಗಿದೆ, ಪಂಚೆಯ ಅಂಚನ್ನು ಕೆಳಗಿನ ಕೋಲು ಹಿಡಿಯಿತು. ಆಟೋದವನು ಹಾರ್ನ್ ಹಾಕುತ್ತಿದ್ದಾನೆ. ಒಂದು ಕೈ ಶಾಲಿಗೆ, ಒಂದು ಕೈ ಮಾನಕ್ಕೆ, ಆಟೋಗೆ ಕೈಸನ್ನೆ ಮಾಡಲು ಮೂರನೆಯದಿಲ್ಲ. ಜಗುಲಿಯಿಂದ ಇವಳು ನೋಡುತ್ತಿದ್ದಳು.

"ಎಳೀಬೇಡಿ ಅಂದ್ರೆ ಎಳೀತೀರಲ್ರೀ. ಗಿಡದ ಕಡೆಗೇ ಹೋಗಿ, ಅದೇ ಬಿಡತ್ತೆ."

ಬಿಡಿಸಿಕೊಳ್ಳಬೇಕಾದವನು ಹಿಡಿದವನ ಕಡೆಗೇ ಹೋಗುವುದೆಂದರೆ ಕೋರ್ಟು ಕಚೇರಿಯ ಅನುಭವ ಇರುವ ಯಾರೂ ಒಪ್ಪತಕ್ಕ ಮಾತಲ್ಲ. ಆದರೂ ಹೋದೆ, ಒಂದಿಷ್ಟು ಕೆಳಕ್ಕೂ ಸರಿದೆ. ಶಾಲು ತಾನಾಗಿ ಕಳಚಿತು.

ಕಾರಣ ಮುಳ್ಳಿನ ರಚನೆಯಲ್ಲೇ ಇದೆ. ಬಳ್ಳಿ ಗುಲಾಬಿಯ ಮುಳ್ಳು ನೆಟ್ಟಗೆ ನಿಂತ ಸೂಜಿಯಲ್ಲ; ತುದಿ ನೆಲದ ಕಡೆಗೆ ಬಾಗಿದ ಕೊಕ್ಕೆ. ಕೋಲು ಮೇಲೆ ಜಾರಿ ಹೋಗಬಹುದು, ಕೆಳಗೆ ಜಾರುವಂತಿಲ್ಲ. ಬಲಿತ ಒಂದು ಮುಳ್ಳಿನ ಮೇಲೆ ಹೆಬ್ಬೆರಳಿಟ್ಟು ಪಕ್ಕಕ್ಕೆ ಒತ್ತಿ ನೋಡಿ. ಟಕ್ಕೆಂದು ಇಡಿಯಾಗಿ ಕಳಚಿ ಬರುತ್ತದೆ. ಕಳಚಿದಲ್ಲಿ ಒಂದು ಉದ್ದುರುಟು ಗುರುತು, ತುಸು ತೇವ, ಅಷ್ಟೆ. ಒಳಗಿನ ಕಟ್ಟಿಗೆಗೆ ಏನೂ ಆಗಿರುವುದಿಲ್ಲ. ನಿಂಬೆ ಗಿಡದ ಮುಳ್ಳನ್ನು ಹೀಗೆ ಕಳಚಲು ಹೋದರೆ ಬರುವುದು ನಿಮ್ಮ ಚರ್ಮ. ನಿಂಬೆಯ ಮುಳ್ಳು ಟೊಂಗೆಯ ರೂಪಾಂತರ, ಕಟ್ಟಿಗೆಯೊಳಗಿನಿಂದ ಬಂದದ್ದು. ಗುಲಾಬಿಯದು ತೊಗಟೆಯ ಹೊರಮೈಯಲ್ಲಿ ಎದ್ದದ್ದು. ಸಸ್ಯಶಾಸ್ತ್ರದವರು ಅದನ್ನು ಮುಳ್ಳು ಎಂದೇ ಒಪ್ಪುವುದಿಲ್ಲವಂತೆ. ಅವರ್‍ಯಾರೂ ಜರಿ ಶಾಲು ಹೊದೆಯುವವರಲ್ಲ ಅಂತ ಕಾಣುತ್ತದೆ.

ಹತ್ತುವ ಗಿಡಗಳಿಗೆಲ್ಲ ಒಂದೊಂದು ಉಪಾಯವಿದೆ. ಕಾಳುಮೆಣಸು ಗಂಟುಗಂಟಿಗೂ ಬೇರು ಬಿಟ್ಟು ಮರಕ್ಕೆ ಅಂಟಿಕೊಳ್ಳುತ್ತದೆ. ತೊಂಡೆ, ಹೀರೆಗಳು ಎಳೆ ಕುಡಿಯನ್ನು ಸುರುಳಿ ಸುತ್ತಿ ಹಿಡಿಯುತ್ತವೆ. ಚಪ್ಪರದವರೆ ತಾನೇ ಕೋಲಿಗೆ ಸುತ್ತಿಕೊಳ್ಳುತ್ತದೆ. ಗುಲಾಬಿಗೆ ಇದ್ಯಾವುದೂ ಬಾರದು. ಅದರ ದಾರಿಯೇನಿದ್ದರೂ ನಮ್ಮ ಕಾಡಿನ ಬೆತ್ತದ ದಾರಿ: ಉದ್ದ ಬೆಳೆ, ಪಕ್ಕದ ಮರದ ಮೇಲೆ ಒರಗು, ಕೊಕ್ಕೆ ಹಾಕು. ಕಾಡಿನಲ್ಲಿ ಒರಗಲು ಮರ ಸಿಗುತ್ತದೆ. ಅಂಗಳದಲ್ಲಿ ನಾನು ಸಿಕ್ಕೆ.

ಕಾಡುಗುಲಾಬಿಯ ಆ ಒರಗುವಿಕೆ ಸಣ್ಣದಲ್ಲ. ಮಣಿಪುರದ ಬೆಟ್ಟಗಳಲ್ಲಿ 1882ರಲ್ಲಿ ಜಾರ್ಜ್ ವಾಟ್ ಎಂಬ ಸಸ್ಯಶಾಸ್ತ್ರಜ್ಞರಿಗೆ ಒಂದು ಗುಲಾಬಿ ಕಂಡಿತು. ಅದು ಎತ್ತರದ ಮರಗಳ ನೆತ್ತಿಯವರೆಗೂ ಹೋಗಿ ಅಲ್ಲಿ ಅಂಗೈಯಗಲದ ಕೆನೆಬಿಳಿ ಹೂ ಬಿಡುತ್ತದೆ. ರೋಸಾ ಜೈಗ್ಯಾಂಟಿಯಾ ಎಂದು ಅದರ ಶಾಸ್ತ್ರೀಯ ಹೆಸರು. ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಅಂಚಿನಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಕಾಡುಗುಲಾಬಿ ಇದೆ, ಬಿಳಿ, ಐದೇ ಎಸಳು. ಅದೂ ಹತ್ತುವ ಜಾತಿಯೇ. ಕೊಡೈಕನಾಲಿನ ವೀರರಾಘವನ್ ದಂಪತಿ ಮಣಿಪುರದ ಆ ದೈತ್ಯನನ್ನು ನಾಜೂಕಿನ ತೋಟದ ಗುಲಾಬಿಗಳೊಂದಿಗೆ ಕೂಡಿಸಿ ನಮ್ಮ ಸೆಖೆ-ಮಳೆಗಳಿಗೆ ಜಗ್ಗದ ತಳಿಗಳನ್ನು ಮಾಡುತ್ತ ದಶಕಗಳನ್ನೇ ಕಳೆದರು. ಅವರೊಂದು ತಳಿಗೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಹೆಸರಿದೆ. ಯುರೋಪಿನ ದೊರೆಸಾನಿಯರ ಹೆಸರು ಹೊತ್ತ ಗುಲಾಬಿಗಳ ನಡುವೆ ಈ ಒಂದು ಹೆಸರು ಓದಿದಾಗ ನನಗೆ ಯಾಕೋ ಬಹಳ ಸಂತೋಷವಾಯಿತು.

ನಮ್ಮ ಗಿಡಕ್ಕೆ ಇಂಥ ಕುಲಗೋತ್ರ ಏನೂ ಇಲ್ಲ. ತಿಳಿ ಗುಲಾಬಿ ಬಣ್ಣ, ರೂಪಾಯಿಗಿಂತ ಸ್ವಲ್ಪ ದೊಡ್ಡ ಹೂವು, ಗೊಂಚಲಿಗೆ ಹತ್ತು ಹದಿನೈದು. ಅತ್ತಿಗೆಯ ಮನೆಯಿಂದ ಬಂದದ್ದರಿಂದ ನಮ್ಮಲ್ಲಿ ಅದು 'ಅತ್ತಿಗೆ ಗುಲಾಬಿ'. ಅತ್ತಿಗೆಗೆ ಅದನ್ನು ಕೊಟ್ಟವರು ಬೇರೆ ಯಾರದೋ ಹೆಸರಿನಿಂದ ಕರೆಯುತ್ತಿರಬೇಕು. ಮಲೆನಾಡಿನ ಹೆಂಗಸರ ಹೂಗಿಡದ ವಹಿವಾಟು ಗೊತ್ತಿದ್ದವರಿಗೆ ಇದು ಹೊಸದಲ್ಲ. ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ವಾಪಸು ಬರುವಾಗ ಕೈಚೀಲದಲ್ಲಿ ಪ್ರಸಾದದ ಪೊಟ್ಟಣದ ಪಕ್ಕ ಬಾಳೆಲೆ ಸುತ್ತಿದ ನಾಲ್ಕು ಕಡ್ಡಿ ಇರಲೇಬೇಕು. ಡೇರೆ ಗೆಡ್ಡೆಯ ವಿಷಯದಲ್ಲಂತೂ ಅಕ್ಕತಂಗಿಯರೂ ಒಬ್ಬರಿಗೊಬ್ಬರು ಬಣ್ಣ ಬಚ್ಚಿಡುತ್ತಾರೆ. ಕೇಳಿ ತಂದ ಗಿಡಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಚಿಗುರುತ್ತದೆ ಎಂಬ ಶಾಸ್ತ್ರವೂ ಉಂಟು. ಹಾಗಾಗಿ ಕೊಡುವವರು ಕೊಡಲು ತಯಾರಿದ್ದರೂ ಆ ಕಡೆ ತಿರುಗಿ ನಿಂತು ಕದಿಯಲು ಅನುಕೂಲ ಮಾಡಿಕೊಡುವುದು ಉಪಚಾರದ ಒಂದು ಭಾಗ.

ಇವರೆಲ್ಲ ಅಮೆರಿಕದಲ್ಲಿ ಹುಟ್ಟದಿದ್ದುದು ಪುಣ್ಯ. ಅಲ್ಲಿ ಗಿಡಗಳಿಗೂ ಪೇಟೆಂಟ್ ಕೊಡುವ ಕಾನೂನು 1930ರಲ್ಲಿ ಬಂತು. ಮರುವರ್ಷ ಆಗಸ್ಟಿನಲ್ಲಿ ಮೊತ್ತಮೊದಲ ಪೇಟೆಂಟ್ ಪಡೆದದ್ದು ಒಂದು ಬಳ್ಳಿ ಗುಲಾಬಿ, 'ನ್ಯೂ ಡಾನ್'. ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವ 'ಡಾಕ್ಟರ್ ವ್ಯಾನ್ ಫ್ಲೀಟ್' ಎಂಬ ಗಟ್ಟಿಮುಟ್ಟು ಬಳ್ಳಿಯೊಂದಿತ್ತು. ಅದರಲ್ಲಿ ಒಂದು ನರ್ಸರಿಯವರಿಗೆ ಮತ್ತೆ ಮತ್ತೆ ಹೂ ಬಿಡುವ ರೂಪ ಸಿಕ್ಕಿತು. ಆ ಗುಣಕ್ಕೇ ಹಕ್ಕು ಬರೆಸಿಕೊಂಡರು. ಆಮೇಲೆ 17 ವರ್ಷ ಅವರ ಅಪ್ಪಣೆಯಿಲ್ಲದೆ ಯಾರೂ ಅದರ ಕಡ್ಡಿ ಊರಿ ಗಿಡ ಮಾಡಿಕೊಳ್ಳುವ ಹಾಗಿರಲಿಲ್ಲ. ಅಂಥ ಕಾನೂನು ಸಾಗರ ಶಿರಸಿಗಳ ಕಡೆ ಜಾರಿಯಾಗಿದ್ದರೆ ನಮ್ಮತ್ತೆ, ಅತ್ತಿಗೆ, ಇವಳು ಸಮೇತ ಕುಟುಂಬವೇ ಕೋರ್ಟಿನ ಮೆಟ್ಟಿಲ ಮೇಲಿರುತ್ತಿತ್ತು. ಕೋರ್ಟಿನ ಅಂಗಳದ ದಾಸವಾಳದ ನಾಲ್ಕು ಕಡ್ಡಿಯೂ ಚೀಲದಲ್ಲಿರುತ್ತಿತ್ತು.

ಕಡ್ಡಿ ಊರುವುದಕ್ಕೆ ಆರಿದ್ರಾ ಮಳೆ ಒಳ್ಳೆಯದು. ಹೂ ಬಿಟ್ಟು ಮುಗಿದ, ಪೆನ್ಸಿಲ್ ಗಾತ್ರದ ಕೋಲನ್ನು ಗೇಣುದ್ದ ಕತ್ತರಿಸಬೇಕು. ಬುಡದ ಕೊಯ್ತ ಗಂಟಿನ ಕೆಳಗೇ ಓರೆಯಾಗಿರಲಿ, ತುದಿಗೆ ಸಗಣಿ ಮೆತ್ತಿ ಅರ್ಧ ಮಣ್ಣಿನಲ್ಲಿ ಹೂಳಿದರೆ ಆಯಿತು. ಇಂಥ ಹಳೆ ಗಟ್ಟಿ ತಳಿಗಳು ಸ್ವಂತ ಬೇರಿನ ಮೇಲೆ ನಿಲ್ಲುತ್ತವೆ. ಪೇಟೆಯಿಂದ ಬರುವ ದೊಡ್ಡ ಹೂವಿನ ಗುಲಾಬಿಗಳ ಕಥೆ ಬೇರೆ. ಅವು ಕಸಿ ಗಿಡಗಳು. ಕೆಳಗಿನ ಬೇರು ಯಾರದೋ, ಮೇಲಿನ ಹೂವು ಯಾರದೋ. ನಮ್ಮ ಭಾವ ಒಂದು ಕಡುಗೆಂಪು ಬಳ್ಳಿ ಗುಲಾಬಿ ತಂದು ಮನೆಯೆದುರು ನೆಟ್ಟರು. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಪೊಗದಸ್ತಾಗಿ ಬೆಳೆದು ಬೇಲಿಯನ್ನೆಲ್ಲ ಮುಚ್ಚಿತು, ಸಾಸಿವೆ ಚೆಲ್ಲಿದಷ್ಟು ಬಿಳಿ ಪುಡಿ ಹೂ ಬಿಟ್ಟಿತು. ಭಾವ ಮಣ್ಣಿನ ಗುಣ ಎಂದರು, ಅಕ್ಕ ಭಾವನ ಕೈಗುಣ ಎಂದಳು. ನಡೆದದ್ದು ಇಷ್ಟೆ: ಕಸಿಯ ಕೆಂಪು ಸತ್ತು, ಬುಡದ ಮಲ್ಟಿಫ್ಲೋರಾ ಎದ್ದು ಯಜಮಾನಿಕೆ ವಹಿಸಿಕೊಂಡಿತ್ತು. ಗುರುತಿಸುವುದು ಸುಲಭ. ಎಲೆಯ ತೊಟ್ಟು ಕೋಲಿಗೆ ಸೇರುವಲ್ಲಿ ಎರಡು ಪುಟ್ಟ ಹಸಿರು ರೆಕ್ಕೆಗಳಿರುತ್ತವಲ್ಲ, ಮಲ್ಟಿಫ್ಲೋರಾದಲ್ಲಿ ಅವುಗಳ ಅಂಚು ಬಾಚಣಿಗೆಯ ಹಲ್ಲಿನ ಥರ ಸೀಳಿಕೊಂಡಿರುತ್ತದೆ. ಕಸಿಯ ಗಂಟಿನ ಕೆಳಗಿನಿಂದ ಅಂಥ ಚಿಗುರು ಬಂದರೆ ಕತ್ತರಿ ಬೇಡ, ಬುಡದಿಂದ ಸಿಗಿದು ಕೀಳಬೇಕು. ಭಾವನಿಗೆ ಇದನ್ನು ಹೇಳಲಿಲ್ಲ. ಅವರು ಈಗ ಬಿಳಿಯನ್ನೇ ಮೆಚ್ಚಿಕೊಂಡಿದ್ದಾರೆ.

ಅತ್ತಿಗೆ ಗುಲಾಬಿಗೆ ಇವಳು ಎರಡಡಿ ಗುಂಡಿ ತೋಡಿಸಿದಳು. ಸೂರಿನ ನೀರು ಬೀಳುವ ಗೆರೆಯಿಂದ ಆಚೆ ಇರಬೇಕು, ದಿನಕ್ಕೆ ಆರು ತಾಸು ಬಿಸಿಲು ಬೀಳಬೇಕು, ನೀರು ನಿಲ್ಲಬಾರದು ಎಂದು ಅಂಗಳದಲ್ಲಿ ನನ್ನನ್ನೇ ಅಲ್ಲಿ ಇಲ್ಲಿ ನಿಲ್ಲಿಸಿ ನೆರಳು ನೋಡಿದಳು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿಸಿದಳು. ನಮ್ಮ ಜಂಬಿಟ್ಟಿಗೆ ಮಣ್ಣಿನ ಹುಳಿ ಕಡಿಮೆಯಾಗಲಿ ಎಂದು ಒಲೆಬೂದಿಯೂ ಬಿತ್ತು. ಗಿಡ ಹತ್ತಿಕೊಂಡಿತು. ಕಮಾನು ದಾಟಿತು, ಬಚ್ಚಲುಮನೆಯ ಗೋಡೆ ದಾಟಿತು, ಮಾಡಿನ ಮೇಲೆ ಹೋಯಿತು. ಹೂವು ಮಾತ್ರ ಇಲ್ಲ. ಎಲ್ಲಿ ಅಂದರೆ ಎಲ್ಲೂ ಇಲ್ಲ. ಆ ವರ್ಷ ಹೆಂಚು ಕೈಯಾಡಿಸಲು ಬಂದವನು ಮಾಡಿನ ತುದಿಯಿಂದ ಕೂಗಿದ: "ಹೆಗಡೇರೆ, ಇಲ್ಲಿ ಭರ್ತಿ ಹೂವೈತೆ!" ದಿಣ್ಣೆಯ ಮೇಲಿನ ಮನೆಯವರೂ ಫೋನು ಮಾಡಿ, ನಿಮ್ಮ ಮಾಡು ಬಹಳ ಚೆಂದ ಕಾಣುತ್ತಿದೆ ಎಂದರು. ನಮ್ಮೂರಿನ ಓದಿದ ಹುಡುಗರೆಲ್ಲ ಬೆಂಗಳೂರಿಗೆ ಹೋದ ಹಾಗೆ ಚಿಗುರು, ಹೂವು, ಪರಿಮಳ ಎಲ್ಲ ಮೇಲೆ. ಅಂಗಳದಲ್ಲಿ ಉಳಿದದ್ದು ಮುಳ್ಳಿನ ಬೋಳು ಕೋಲು ಮತ್ತು ನಾವಿಬ್ಬರು.

ಇದಕ್ಕೆ ಪರಿಹಾರ ಹೇಳಿದ್ದು ಹಬ್ಬಕ್ಕೆ ಬಂದಿದ್ದ ದೊಡ್ಡಮ್ಮ. ಕಟ್ಟೆಯ ಮೇಲೆ ಕವಳ ಹಾಕುತ್ತ ಒಮ್ಮೆ ಮೇಲೆ ನೋಡಿದರು.

"ನೆಟ್ಟಗೆ ಬಿಟ್ರೆ ಅದು ನಿಂಗೆಲ್ಲಿ ಹೂ ಬಿಡತ್ತೋ? ಬಗ್ಗಿಸೋ ಮಾರಾಯ."

ದೊಡ್ಡಮ್ಮ ಓದಿದ್ದು ಮೂರನೇ ಇಯತ್ತೆ. ಅವರು ಹೇಳಿದ್ದರ ಹಿಂದಿನ ವಿಜ್ಞಾನವನ್ನು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ. ನೆಟ್ಟಗೆ ನಿಂತ ಕೋಲಿನ ತುದಿಮೊಗ್ಗು ಆಕ್ಸಿನ್ ಎಂಬ ರಸವನ್ನು ಕೆಳಕ್ಕೆ ಇಳಿಸುತ್ತಿರುತ್ತದೆ. ಅದು ಕೆಳಗಿನ ಕಣ್ಣುಗಳನ್ನೆಲ್ಲ ಮಲಗಿಸಿಡುತ್ತದೆ. ಕೋಲನ್ನು ಅಡ್ಡಕ್ಕೆ ಬಗ್ಗಿಸಿದರೆ ತುದಿಯ ದರ್ಬಾರು ಸಡಿಲವಾಗಿ ಉದ್ದಕ್ಕೂ ಇರುವ ಕಣ್ಣುಗಳು ಏಳುತ್ತವೆ. ಪ್ರತಿ ಕಣ್ಣಿನಿಂದ ಗೇಣುದ್ದದ ಒಂದು ಕವಲು, ಕವಲಿನ ತುದಿಗೊಂದು ಗೊಂಚಲು.

ಬಗ್ಗಿಸುವುದು ಓದಿದಷ್ಟು ಸುಲಭವಲ್ಲ. ಹಳೆಯ ಕೋಲು ಮಣಿಯದು, ಮುರಿಯುವುದು. ಆ ವರ್ಷ ಬಂದ ಹಸಿರು ಕೋಲು ಮಣಿಯುತ್ತದೆ, ಅದೂ ಒಂದೇ ಪಟ್ಟಿಗೆ ಅಲ್ಲ. ಇವತ್ತೊಂದು ಮೊಳ ಇಳಿಸಿ ಕಟ್ಟು, ಎರಡು ದಿನ ಬಿಡು, ಮತ್ತೊಂದು ಮೊಳ. ಏಣಿಯ ಮೇಲೆ ನಾನು, ಕೆಳಗೆ ಏಣಿ ಹಿಡಿದು ಇವಳು. ಬೈಗುಳ ಸದಾ ಕೆಳಗಿನಿಂದ ಮೇಲಕ್ಕೆ. ಕಟ್ಟಲು ತಂತಿ ತರಬಾರದು, ಕೋಲು ದಪ್ಪವಾದಂತೆ ಮೈಯೊಳಗೆ ಇಳಿದುಬಿಡುತ್ತದೆ. ಬಾಳೆಪಟ್ಟೆಯ ನಾರನ್ನು ನೀರಿನಲ್ಲಿ ನೆನೆಸಿ, ದಬ್ಬೆಗೆ ಒಂದು ಸುತ್ತು, ನಡುವೆ ತಿರುವು, ಕೋಲಿಗೊಂದು ಸಡಿಲ ಸುತ್ತು, ಹೀಗೆ ಕಟ್ಟಿದರೆ ಎರಡಕ್ಕೂ ಉಜ್ಜಾಟವಿಲ್ಲ. ನಾರು ಒಂದು ಮಳೆಗಾಲದಲ್ಲಿ ಕೊಳೆತು ಬೀಳುತ್ತದೆ. ಅಷ್ಟರಲ್ಲಿ ಕೋಲು ಗಟ್ಟಿಯಾಗಿ, ಬಗ್ಗಿಸಿದ್ದು ತನ್ನದೇ ಭಂಗಿ ಎಂಬಂತೆ ನಿಂತಿರುತ್ತದೆ. ನಾರಿಲ್ಲದವರಿಗೆ ಹಳೆ ಕಾಟನ್ ಸೀರೆಯ ಪಟ್ಟಿ ಆಗುತ್ತದೆ. ಯಾವ ಸೀರೆ ಎಂದು ಮೊದಲು ಕೇಳಿಕೊಳ್ಳುವುದು ಕ್ಷೇಮ.

ದೀಪಾವಳಿ ಕಳೆದ ಮೇಲೆ ಪಕ್ಕದ ಕವಲುಗಳನ್ನು ಎರಡು ಮೂರು ಕಣ್ಣು ಬಿಟ್ಟು ಸವರಿದರೆ ಆರೇಳು ವಾರಕ್ಕೆ ಹೂವು. ಸಂಕ್ರಾಂತಿಗೆ ಕಮಾನು ಕಾಣುವುದಿಲ್ಲ. ಉದ್ದದ ಮುಖ್ಯ ಕೋಲುಗಳಿಗೆ ಮಾತ್ರ ಕತ್ತರಿ ತಾಗಿಸಬಾರದು, ಹೂವಿನ ಬಂಡವಾಳ ಅದೇ. ಆದರೆ ಕಳೆದ ಸಲ ಸವರುವ ಹೊತ್ತಿಗೆ ಪಿಕಳಾರವೊಂದು ಕಮಾನಿನ ನಡುವೆ ಗೂಡು ಕಟ್ಟಿತು. ಇವಳು ಕತ್ತರಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ಮರಿ ಹಾರಿದ ಮೇಲೆ ಕತ್ತರಿ ಬಂತು, ಹೂವು ಶಿವರಾತ್ರಿಗೆ ಬಂತು, ಮೊಗ್ಗು ತಿನ್ನಲು ಮಂಗನೂ ಬಂತು. ಅಷ್ಟು ಮುಳ್ಳಿನ ನಡುವೆ ಬೆರಳು ತೂರಿಸಿ ಮೊಗ್ಗನ್ನು ಮಾತ್ರ ಕಿತ್ತು ತಿನ್ನುವ ಆ ಕೌಶಲ್ಯವನ್ನು ದೂರದಿಂದ ನೋಡಿ ನಾನು ಕಲಿಯಲು ಪ್ರಯತ್ನಿಸುತ್ತಿದ್ದೇನೆ.

ಗಟ್ಟಿತನದ ನಿಜವಾದ ಪರೀಕ್ಷೆ ಮಳೆಗಾಲದ್ದು. ಕೆನಡಾದಲ್ಲಿರುವ ತಂಗಿಯ ಮಗ ವಿಡಿಯೋ ಕಾಲಿನಲ್ಲಿ ತನ್ನ ಹಿತ್ತಲು ತೋರಿಸಿದ. ಎಲ್ಲ ಹಿಮ, ನಡುವೆ ನಾಲ್ಕು ಕಪ್ಪು ಕೋಲು. "ಮಾವಾ, ಇದು ಗುಲಾಬಿ. ವಿಲಿಯಂ ಬ್ಯಾಫಿನ್ ಅಂತ, ಜೂನಿಗೆ ನೋಡಿ." ಒಟ್ಟಾವದ ಸರ್ಕಾರಿ ತೋಟದಲ್ಲಿ ಫೆಲಿಸಿಟಾಸ್ ಸ್ವೈಡಾ ಎಂಬ ವಿಜ್ಞಾನಿ ಬೆಳೆಸಿದ ತಳಿಯಂತೆ, 1983ರಲ್ಲಿ ಹೊರಬಂದದ್ದು, ಮೈನಸ್ 35 ಡಿಗ್ರಿಯ ಆಸುಪಾಸಿನ ಚಳಿಯನ್ನೂ ತಡೆಯುತ್ತದಂತೆ. ತಡೆಯಲಿ. ಆದರೆ ನಮ್ಮ ಆಷಾಢದಲ್ಲಿ ಅದನ್ನು ತಂದು ನಿಲ್ಲಿಸಿ ಮಾತಾಡಬೇಕು. ಗುಲಾಬಿಯ ಕಪ್ಪು ಚುಕ್ಕೆ ರೋಗಕ್ಕೆ ಎಲೆ ಏಳು ತಾಸು ಒದ್ದೆಯಾಗಿದ್ದರೆ ಸಾಕು, ಶಿಲೀಂಧ್ರ ಒಳಹೊಕ್ಕುಬಿಡುತ್ತದೆ. ನಮ್ಮಲ್ಲಿ ಎಲೆ ಒದ್ದೆಯಾಗುವುದು ಜೂನಿನಲ್ಲಿ, ಒಣಗುವುದು ಸೆಪ್ಟೆಂಬರಿನಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರು ದಾಟುವ ಆಗುಂಬೆಯ ಮಾತು ಹಾಗಿರಲಿ, ಅದರ ಅರ್ಧ ಸುರಿಯುವಲ್ಲಿಯೂ ಗುಲಾಬಿ ಎಲೆ ಹಳದಿಯಾಗಿ, ಮಸಿ ಚುಕ್ಕೆ ಬಿದ್ದು, ಉದುರಿ ಬೋಳಾಗುತ್ತದೆ.

ಇಲ್ಲಿ ನನಗೊಂದು ಕೆನಡಾದ ಋಣವೂ ನೆನಪಾಗುತ್ತದೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದ ಲೆಸ್ಲಿ ಕೋಲ್ಮನ್ ಆ ದೇಶದವರೇ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ತೋಟಕ್ಕೆ ಹೊಡೆದು ಉಳಿದ ತಳದ ದ್ರಾವಣವನ್ನು ನಮ್ಮ ಕೊನೆಗಾರ ಹೋಗುತ್ತ ಹೋಗುತ್ತ ಗುಲಾಬಿಗೂ ಹೊಡೆದು ಹೋಗುತ್ತಾನೆ. ಗಿಡ, ಕಮಾನು, ದಣಪೆ, ಒಮ್ಮೊಮ್ಮೆ ನಾನು, ಎಲ್ಲ ನೀಲಿ. ಎಳೆ ಚಿಗುರಿನ ಮೇಲೆ ಬಿದ್ದರೆ ಅಂಚು ಸುಡುತ್ತದೆ, ಆದ್ದರಿಂದ ಬಲಿತ ಎಲೆಗೆ, ಮಳೆ ಹೊಳವಾದಾಗ ಮಾತ್ರ. ಅಷ್ಟು ಮಾಡಿದರೂ ಸೋಣೆ ತಿಂಗಳಿಗೆ ಅರ್ಧ ಎಲೆ ಹೋಗಿರುತ್ತದೆ. ಉದುರಿದ್ದನ್ನು ಗುಡಿಸಿ ಬಚ್ಚಲೊಲೆಗೆ ಹಾಕಬೇಕು, ಗೊಬ್ಬರದ ಗುಂಡಿಗಲ್ಲ. ಪೇಟೆಯ ದೊಡ್ಡ ಹೂವಿನವು ಆ ಹೊತ್ತಿಗೆ ಬುಡಸಮೇತ ಕೊಳೆತಿರುತ್ತವೆ. ಅತ್ತಿಗೆ ಗುಲಾಬಿ ನವರಾತ್ರಿಗೆ ಕೆಂಪು ಚಿಗುರು ಹಾಕುತ್ತದೆ.

ಇಷ್ಟೆಲ್ಲ ಮಾಡಿ ಆ ಹೂವಿನಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಮುಡಿದರೆ ಮಧ್ಯಾಹ್ನಕ್ಕೆ ಎಸಳು ಉದುರುತ್ತದೆ. ಕಟ್ಟಿದರೆ ಮಾಲೆ ನಿಲ್ಲುವುದಿಲ್ಲ. ಪನ್ನೀರು ಗುಲಾಬಿಯ ಪರಿಮಳದ ಕಾಲು ಪಾಲೂ ಇಲ್ಲ. ದೇವರಿಗೆ ಇಟ್ಟರೆ ದೇವರ ತಲೆಯ ಮೇಲಿಗಿಂತ ಪೀಠದ ಮೇಲೆ ಹೆಚ್ಚಿರುತ್ತದೆ. ಎಲ್ಲ ನಿಜ. ನೋಡಲಿಕ್ಕೆ ಮಾತ್ರ ಇರುವ ಹೂವು ಅದು, ನಮ್ಮ ಮನೆಯಲ್ಲಿ ಆ ಒಂದು ಕೆಲಸಕ್ಕೆ ಬಿಡುವಿರುವವನು ನಾನೊಬ್ಬನೇ.

ನಿಮಗೂ ಬೇಕೆನಿಸಿದರೆ ಆರಿದ್ರಾ ಹಿಡಿದ ಮೇಲೆ ಒಂದು ದಿನ ಬನ್ನಿ, ಕಡ್ಡಿ ಕೊಡೋಣ. ತುಂಬುತೋಳಿನ ಹಳೆ ಅಂಗಿ ಹಾಕಿಕೊಳ್ಳಿ, ಕೈಚೀಲ ನೀವೇ ತನ್ನಿ. ಮೊದಲ ಎರಡು ವರ್ಷ ಹೂವಿನ ವಿಷಯ ನನ್ನನ್ನು ಕೇಳಬೇಡಿ. ಕದ್ದದ್ದೇ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯವರಾದರೆ ಜಗುಲಿಯಲ್ಲಿ ಕಾಫಿ ಕುಡಿದು ಎದ್ದು ಹೊರಡಿ. ನಾನು ಆ ಕಡೆ ತಿರುಗಿ ನಿಂತಿರುತ್ತೇನೆ. ಇವಳ ಬಗ್ಗೆ ಮಾತ್ರ ಭರವಸೆ ಕೊಡಲಾರೆ.